ಕಾಯುವವರ ಊರಿನಲ್ಲಿ ಓದುವವರು

ಕಬ್ಬಿನ ಗಾಡಿಯ ಸಾಲು, ಮಿರಜದ ದವಾಖಾನೆಯ ಬೆಂಚು, ಬಾರದ ಬಸ್ಸು, ಇಳಿಯದ ನೆರೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಮಂದಿಗೆ ಕಾಯುವುದು ಹೊಸದಲ್ಲ. ಇಲ್ಲಿಯ ಓದು ಬೆಳೆದದ್ದೂ ಹಾಗೆ ಕಾಯುತ್ತಲೇ. ದೀಪಾವಳಿ ಸಂಚಿಕೆಗಳು ಅಂಗಡಿಗೆ ಬಂದಿರುವ ಹೊತ್ತಿನಲ್ಲಿ, ಗಡಿಯ ಐದು ತಾಲ್ಲೂಕುಗಳಲ್ಲಿ ಪುಸ್ತಕದ ಹುಚ್ಚನೊಬ್ಬನ ಸುತ್ತಾಟ.

ರಾತ್ರಿ ಹನ್ನೊಂದು ದಾಟಿದೆ. ಕೃಷ್ಣಾ ದಂಡೆಯ ಸಕ್ಕರೆ ಫ್ಯಾಕ್ಟರಿಯೊಂದರ ಯಾರ್ಡು. ತೂಕದ ಕಾಟಾದ ಕಡೆ ಮುಖ ಮಾಡಿದ ಟ್ರ್ಯಾಕ್ಟರುಗಳ ಸಾಲು ಗೇಟು ದಾಟಿ ರಸ್ತೆಗೆ ಬಂದಿದೆ. ಒಂದೊಂದಕ್ಕೂ ಎರಡೆರಡು ಟ್ರೇಲರ್, ಟ್ರೇಲರಿನ ಆಚೀಚೆ ಮೊಳದಷ್ಟು ಚಾಚಿಕೊಂಡ ಕಬ್ಬು. ಕಾಕಂಬಿಯ ವಾಸನೆ ಅಂಗಿಗೆಲ್ಲ ಹತ್ತಿಕೊಳ್ಳುತ್ತಿದೆ. ಹಿಂದಿನ ಗಾಡಿಯ ಟೇಪಿನಲ್ಲಿ ಡೊಳ್ಳಿನ ಪದ.

ಸಾಲಿನ ನಡುವೆ ಒಬ್ಬ ಹುಡುಗ ಸೀಟಿನ ಮೇಲೆ ಮಂಡಿ ಮಡಚಿ ಕೂತಿದ್ದಾನೆ. ಟೋಪಿಯ ಅಂಚಿಗೆ ಸಣ್ಣ ಬ್ಯಾಟರಿ ಸಿಕ್ಕಿಸಿದ್ದಾನೆ. ತೊಡೆಯ ಮೇಲೆ ದಪ್ಪನೆಯ ದೀಪಾವಳಿ ವಿಶೇಷಾಂಕ. ರಕ್ಷಾಪುಟ ಹರಿದುಹೋಗಿ ಯಾವ ಪತ್ರಿಕೆ, ಯಾವ ವರ್ಷದ್ದು ಎಂದು ಹೇಳುವಂತಿಲ್ಲ.

‘ಹಳೇದ ಐತೆಲ್ಲೋ ತಮ್ಮಾ, ಹೊಸಾ ಸಂಚಿಕಿ ಬಂದಾವಲ್ಲ?’ ಎಂದೆ.

‘ಕಥಿ ಏನ ಹಳಸ್ತೈತೇನ್ರಿ ಸರ? ನನ್ನ ಪಾಳಿ ಬರೂದರಾಗ ಎರಡು ಮುಗೀತಾವು’ ಎಂದು ಮತ್ತೆ ಪುಟಕ್ಕೆ ಕಣ್ಣು ಕೀಲಿಸಿದ.

ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ಅವನು ತಾಸಿನಲ್ಲಿ ಹೇಳಲಿಲ್ಲ, ಕಥೆಯಲ್ಲಿ ಹೇಳಿದ.

ಬಿಡುವಲ್ಲ, ಪಾಳಿ

ಪೇಪರಿನಲ್ಲಿ ನಮ್ಮ ಕಡೆಯ ಸುದ್ದಿ ಬರುವುದು ನಾಲ್ಕಕ್ಕೇ: ಕಬ್ಬು, ತಂಬಾಕು, ರಾಜಕಾರಣ, ಗಡಿಯ ತಂಟೆ. ಹೀಗಾಗಿ ಬೆಂಗಳೂರು, ಮೈಸೂರು ಕಡೆಯ ಗೆಳೆಯರು ‘ನಿಮ್ಮಲ್ಲಿ ಓದುವವರೂ ಇದ್ದಾರೆಯೆ?’ ಎಂದು ಕೇಳಿದರೆ ನನಗೆ ಸಿಟ್ಟು ಬರುವುದಿಲ್ಲ. ಓದುವವರನ್ನು ಅವರು ಹುಡುಕುವ ಜಾಗ ಬೇರೆ, ಅಷ್ಟೇ. ಕಿಟಕಿ, ಕುರ್ಚಿ, ಕಾಫಿ, ಮಧ್ಯಾಹ್ನದ ಮಳೆ ಇದ್ದರೆ ಓದು ಎಂದು ಅವರ ಲೆಕ್ಕ.

ಒಕ್ಕಲುತನದ ಮನೆಯಲ್ಲಿ ಬಿಡುವು ಎಂಬುದೊಂದಿಲ್ಲ, ಪಾಳಿ ಎಂಬುದಿದೆ. ಕಾಟಾಕ್ಕೆ ಪಾಳಿ, ಕಬ್ಬು ಕಡಿಯುವ ಟೋಳಿಗೆ ಪಾಳಿ, ಬೋರಿಗೆ ತ್ರೀ-ಫೇಸ್ ಕರೆಂಟು ಬರುವ ತನಕ ಪಾಳಿ. ರಾತ್ರಿ ಎರಡಕ್ಕೆ ಕರೆಂಟು ಬರುತ್ತದೆಂದು ಹೊಲದ ಗುಡಿಸಲಿನಲ್ಲಿ ಎಚ್ಚರ ಇರಬೇಕಾದವನು ಏನು ಮಾಡಬೇಕು? ಒಂದು ಕಾಲಕ್ಕೆ ರೇಡಿಯೊ ಕೇಳುತ್ತಿದ್ದ, ಈಗ ಮೊಬೈಲು ತಿಕ್ಕುತ್ತಾನೆ. ನಡುವೆ ಅಲ್ಲೊಬ್ಬ ಇಲ್ಲೊಬ್ಬ ಪುಸ್ತಕ ಹಿಡಿದವನೂ ಇದ್ದ, ಈಗಲೂ ಇದ್ದಾನೆ.

ನನಗೆ ಅಕ್ಷರ ಕಲಿಸಿದ್ದು ಶಾಲೆ, ಓದಿನ ಚಟ ಹಚ್ಚಿದ್ದು ರೈಲು. ಮಿರಜ–ಲೋಂಡಾ ಹಾದಿ ಇನ್ನೂ ಮೀಟರ್‌ಗೇಜ್ ಇದ್ದ ಕಾಲ. ಶೇಡಬಾಳ, ಉಗಾರ, ಕುಡಚಿ, ಚಿಂಚಲಿ, ರಾಯಬಾಗ ಎಂದು ಉಸಿರು ಬಿಡುತ್ತ ಬರುವ ಗಾಡಿ ಎಂದೂ ವೇಳೆಗೆ ಬಂದದ್ದು ನೆನಪಿಲ್ಲ. ಪ್ಲಾಟ್‌ಫಾರ್ಮಿನ ಬೇವಿನ ಮರದ ಕೆಳಗೆ ಟ್ರಂಕಿನ ಮೇಲೆ ಕೂತು ಸುಧಾ, ಕರ್ಮವೀರ ಓದಿ ಮುಗಿಸಿ, ಶೇಂಗಾ ಕಟ್ಟಿಕೊಟ್ಟ ಮರಾಠಿ ಪೇಪರಿನ ತುಣುಕನ್ನೂ ಬಿಡಿಸಿ ಓದುತ್ತಿದ್ದೆ. ಆ ತುಣುಕಿನಲ್ಲಿ ಧಾರಾವಾಹಿಯ ಅರ್ಧ ಕಂತು ಇದ್ದರೆ ಉಳಿದರ್ಧವನ್ನು ನಾನೇ ಕಟ್ಟಿಕೊಳ್ಳುತ್ತಿದ್ದೆ.

ಅದೇ ಹಾದಿಯಲ್ಲಿ ‘ಚಿಕ್ಕೋಡಿ ರೋಡ್’ ಎಂಬ ಸ್ಟೇಷನ್ ಇದೆ. ಚಿಕ್ಕೋಡಿ ಊರಿಗೆ ಮಾತ್ರ ಇವತ್ತಿಗೂ ರೈಲಿಲ್ಲ. ಹೆಸರು ನಂಬಿ ಇಳಿದ ಹೊಸಬರು ಬೋರ್ಡನ್ನೂ ಸುತ್ತಲಿನ ಹೊಲವನ್ನೂ ನೋಡುತ್ತ ನಿಲ್ಲುತ್ತಾರೆ. ನಿಪ್ಪಾಣಿಗೆ, ಅಥಣಿಗೆ ಹೆಸರಿಗೂ ಸ್ಟೇಷನ್ನಿಲ್ಲ. 142 ಕಿಲೋಮೀಟರಿನ ಬಾಗಲಕೋಟೆ–ಕುಡಚಿ ಮಾರ್ಗ ಮಂಜೂರಾಗಿ ವರ್ಷಗಳೇ ಉರುಳಿದವು. ಆ ಕಡೆಯಿಂದ ಹಳಿ ಬರುತ್ತಲೇ ಇದೆ, ಈ ಕಡೆ ನಾವು ಕಾಯುತ್ತಲೇ ಇದ್ದೇವೆ.

▪ ಬಾಕ್ಸ್: ಹಬ್ಬಕ್ಕೊಂದು ಸಂಚಿಕೆ
*ಮರಾಠಿಯ ಮೊದಲ ದೀಪಾವಳಿ ಅಂಕ ಎನಿಸಿದ ‘ಮನೋರಂಜನ’ ಸಂಚಿಕೆ ಬಂದದ್ದು 1909ರಲ್ಲಿ, ಸಂಪಾದಕರು ಕಾ.ರ. ಮಿತ್ರ. ಕನ್ನಡದಲ್ಲೂ ದೀಪಾವಳಿ ವಿಶೇಷಾಂಕ, ಅದರ ಕಥಾಸ್ಪರ್ಧೆ, ಬಹುಮಾನದ ಕಥೆಗಳ ಮೇಲಿನ ಜಗಳ ಎಲ್ಲವೂ ಹಬ್ಬದ ಭಾಗವೇ. ಗಡಿಯ ಓದುಗನಿಗೆ ಎರಡೂ ಭಾಷೆಯ ಸಂಚಿಕೆ ಒಂದೇ ಅಂಗಡಿಯಲ್ಲಿ ಸಿಗುತ್ತವೆ. ಮರಾಠಿ ವಾಚನಾಲಯಗಳಲ್ಲಿ ಹಬ್ಬದ ಮುಂಚೆಯೇ ವರ್ಗಣಿ ಕಟ್ಟಿ, ಒಂದರ ಹಿಂದೊಂದು ಅಂಕ ಮನೆಗೊಯ್ಯುವ ಪದ್ಧತಿ ಇದೆ. ಹಬ್ಬ ಮುಗಿದು ಸಂಕ್ರಾಂತಿ ಬಂದರೂ ದೀಪಾವಳಿ ಅಂಕ ಮುಗಿಯುವುದಿಲ್ಲ.*

ಮಿರಜದ ಬೆಂಚು

ನಮ್ಮ ಕಡೆ ‘ಮಿರಜಕ್ಕ ಹೋಗ್ಯಾರ’ ಎಂದರೆ ಯಾರೂ ‘ಯಾಕ’ ಎಂದು ಕೇಳುವುದಿಲ್ಲ. ‘ಯಾರಿಗೆ ಆರಾಮಿಲ್ಲ?’ ಎಂದು ಕೇಳುತ್ತಾರೆ. ಕಾಗವಾಡ, ಅಥಣಿ, ರಾಯಬಾಗದವರಿಗೆ ಮಿರಜವೆಂದರೆ ದವಾಖಾನೆ. 1894ರಲ್ಲಿ ಅಮೆರಿಕನ್ ಮಿಷನ್ನಿನ ವೈದ್ಯ ವಾನ್ಲೆಸ್ ಅಲ್ಲಿ ಆಸ್ಪತ್ರೆ ತೆರೆದಂದಿನಿಂದ ಈ ರೂಢಿ. ಸಿತಾರು ಮಾಡುವ ಊರು, ಅಬ್ದುಲ್ ಕರೀಂ ಖಾನ್ ನೆಲೆಸಿದ ಊರು ಎಂಬುದು ಆಮೇಲಿನ ಮಾತು.

ಆ ಬೆಂಚುಗಳ ಮೇಲೆ ಕೂತವರ ಕೈಯಲ್ಲಿ ಏನಿರುತ್ತದೆ ಎಂದು ನೋಡುವುದು ನನ್ನ ಕೆಟ್ಟ ಚಾಳಿ. ಹೆಚ್ಚಿನವರ ಕೈಯಲ್ಲಿ ಎಕ್ಸ್‌ರೇ ಲಕೋಟೆ, ಚೀಲದಲ್ಲಿ ರೊಟ್ಟಿಗಂಟು. ಒಮ್ಮೆ ನೂಲಿನ ಸೀರೆಯ ಅಜ್ಜಿಯೊಬ್ಬಳು ಕೆಂಪು ಬಟ್ಟೆಯಲ್ಲಿ ಸುತ್ತಿದ ಪೋಥಿ ಬಿಚ್ಚಿ ಬಾಯಲ್ಲೇ ಗುಣುಗುಣು ಓದತೊಡಗಿದಳು. ಶ್ರೀಧರಕವಿಯ ಮರಾಠಿ ‘ಶಿವಲೀಲಾಮೃತ’. ನನ್ನ ಹತ್ತಿರ ಚಹಾಕ್ಕೆ ಚಿಲ್ಲರೆ ಕೇಳಿದ್ದು ಮಾತ್ರ ಅಚ್ಚ ಜವಾರಿ ಕನ್ನಡದಲ್ಲಿ.

ಇದು ನಮ್ಮ ಕಡೆ ವಿಚಿತ್ರವಲ್ಲ. 1956ರ ತನಕ ಇದು ಮುಂಬಯಿ ರಾಜ್ಯ; ರಾಯಬಾಗವಂತೂ ಮೊದಲು ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಮನೆಮಾತು ಕನ್ನಡ, ಶಾಲೆ ಮರಾಠಿ ಎಂಬ ಹಿರಿಯರು ಊರೂರಿಗೆ ಸಿಗುತ್ತಾರೆ. ಹೊಲದ ಹಳೆಯ ಕಾಗದ ಮೋಡಿ ಲಿಪಿಯಲ್ಲಿ. ಅಣ್ಣತಮ್ಮಂದಿರ ಹಿಸೆ ಕೋರ್ಟು ಹತ್ತಿದಾಗ ಮೋಡಿ ಓದುವವರಿಗಾಗಿ ಕೊಲ್ಹಾಪುರದ ತನಕ ಹುಡುಕಾಟ. ಎರಡು ಎಕರೆ ಎರಿ ಜಮೀನಿಗಾಗಿ ಮೂರನೆಯ ಲಿಪಿಯೊಂದನ್ನು ಇನ್ನೂ ಉಸಿರಾಡುವಂತೆ ಇಟ್ಟಿದ್ದೇವೆ. ಭಾಷಾಪ್ರೇಮಕ್ಕೆ ಇದಕ್ಕಿಂತ ಗಟ್ಟಿ ಕಾರಣ ನನಗೆ ಕಂಡಿಲ್ಲ.

ಗ್ರಂಥಾಲಯದಲ್ಲಿ ಜಾಗ ಇಲ್ಲ

ಗ್ರಂಥಾಲಯಗಳು ಬಿಕೋ ಎನ್ನುತ್ತವೆ ಎಂದು ಬರೆಯುವುದು ಸುಲಭ. ಚಿಕ್ಕೋಡಿ, ಅಥಣಿ ಕಡೆ ಬೆಳಗಿನ ಹತ್ತಕ್ಕೆ ಒಮ್ಮೆ ಹೋಗಿ ನೋಡಿ, ಕೂರಲು ಕುರ್ಚಿ ಸಿಗುವುದಿಲ್ಲ. ಎಲ್ಲ ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು. ಬೆಂಚಿನ ಮೇಲೆ ನೀರಿನ ಬಾಟಲಿ, ಹೈಲೈಟರ್, ಪಿಎಸ್ಐ, ಎಫ್‌ಡಿಎ, ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಯ ಗೈಡುಗಳು. ಕಾದಂಬರಿಯ ಕಪಾಟಿನ ಗಾಜಿಗೆ ಬೆನ್ನು ಆನಿಸಿ ಸಂವಿಧಾನದ ವಿಧಿಗಳನ್ನು ಉರು ಹೊಡೆಯುತ್ತಿರುತ್ತಾರೆ.

ಸಾಹಿತಿಗಳು ಇದನ್ನು ಕಂಡು ನಿಟ್ಟುಸಿರು ಬಿಡುತ್ತಾರೆ. ನನಗೆ ಆ ನಿಟ್ಟುಸಿರಿನಲ್ಲಿ ನಂಬಿಕೆಯಿಲ್ಲ. ನೋಟಿಫಿಕೇಷನ್ ಕಾಯುವುದೂ ಒಂದು ಪಾಳಿಯೇ. ಎರಡು ವರ್ಷ ಒಂದೇ ಬೆಂಚಿನ ಮೇಲೆ ಕೂತವನು ಒಂದು ಸಂಜೆ ತಲೆ ಕೆಟ್ಟು ಹಿಂದಿನ ಕಪಾಟಿನಿಂದ ತೇಜಸ್ವಿಯನ್ನೋ ಕಂಬಾರರನ್ನೋ ಎಳೆದರೆ ಅವನಿಗಿಂತ ಹಸಿದ ಓದುಗ ಬೇರೆ ಇಲ್ಲ. ತೊಂದರೆ ಇರುವುದು ಕಪಾಟಿನ ಬೀಗದ ಕೈ ಸಿಗದಿದ್ದಾಗ.

ಹಳ್ಳಿಗಳಲ್ಲಿ ಗಾಳಿ ತುಸು ಬದಲಾಗಿದೆ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದ ಮೇಲೆ, 2020ರ ಮಕ್ಕಳ ದಿನಾಚರಣೆಯ ಹೊತ್ತಿಗೆ ‘ಓದುವ ಬೆಳಕು’ ಎಂಬ ಅಭಿಯಾನ ಶುರುವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ. ಈಗ ಅವಕ್ಕೆ ‘ಅರಿವು ಕೇಂದ್ರ’ ಎಂಬ ಹೆಸರು. ಕೆಲವು ಕಡೆ ಗೋಡೆಗೆ ಹೊಸ ಬಣ್ಣ, ಕಂಪ್ಯೂಟರು, ಕೇರಂ ಬೋರ್ಡು. ಮಕ್ಕಳು ಮೊದಲು ಬರುವುದು ಕೇರಂಗೆ. ಅಲ್ಲೂ ಪಾಳಿ ಇರುತ್ತದೆ, ಪಾಳಿ ಬರುವ ತನಕ ಚಿತ್ರದ ಪುಸ್ತಕ ತಿರುವುತ್ತಾರೆ. ಗ್ರಂಥಪಾಲಕರು ಇದನ್ನು ಬೇಕೆಂದೇ ಮಾಡಿದ್ದಾರೋ ತಾನಾಗಿ ಆದದ್ದೋ, ನನಗಂತೂ ಮೆಚ್ಚುಗೆ.

ಹಾಗೆಯೇ ನೆನಪಿರಲಿ: ನಾವು ಕಟ್ಟುವ ಮನೆಪಟ್ಟಿಯಲ್ಲಿ ಗ್ರಂಥಾಲಯ ಕರ ಎಂದು ಶೇ 6ರಷ್ಟು ಸೇರಿರುತ್ತದೆ. 1965ರ ಕಾಯ್ದೆಯ ಕೊಡುಗೆ. ಪುಸ್ತಕ ಮುಟ್ಟದವನೂ ರಸೀದಿಯ ಲೆಕ್ಕದಲ್ಲಿ ಪುಸ್ತಕದ ಪೋಷಕನೇ. ಆ ದುಡ್ಡಿನಲ್ಲಿ ಏನು ಬಂತು ಎಂದು ಕೇಳುವ ಹಕ್ಕು ಅವನಿಗೂ ಇದೆ.

ತಂಬಾಕಿನ ಊರಿನ ಹಿಟ್ಟಿನ ಗಿರಣಿ

ನಿಪ್ಪಾಣಿಯ ಗಾಳಿಗೆ ಒಂದು ಘಾಟು ಇದೆ. ವಖಾರಿಯ ಬಾಗಿಲು ತೆರೆದರೆ ರಸ್ತೆಯ ಆ ಬದಿಯವನಿಗೂ ಸೀನು. 1925ರಲ್ಲಿ ಅಂಬೇಡ್ಕರ್ ಬಂದು ಬಹಿಷ್ಕೃತರ ಪರಿಷತ್ತು ನಡೆಸಿದ ಊರು ಇದು. 1981ರಲ್ಲಿ ಶರದ್ ಜೋಶಿಯವರ ಮುಂದಾಳತ್ವದಲ್ಲಿ ತಂಬಾಕು ಬೆಳೆಗಾರರು ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ದಿನಗಟ್ಟಲೆ ಕೂತು, ಕೊನೆಗೆ ಗುಂಡು ತಿಂದ ಊರೂ ಇದೇ.

ಇಲ್ಲಿಯ ಓಣಿಗಳಲ್ಲಿ ಮಧ್ಯಾಹ್ನ ಹಾದುಹೋದರೆ ಕಟ್ಟೆ ಕಟ್ಟೆಗೆ ಹೆಂಗಸರು ತೊಡೆಯ ಮೇಲೆ ಮೊರ ಇಟ್ಟುಕೊಂಡು ಕೂತಿರುತ್ತಾರೆ. ಬೀಡಿ ಎಲೆ ಕತ್ತರಿಸಿ, ಚಿಟಿಕೆ ತಂಬಾಕು ಹಾಸಿ, ಬೆರಳಲ್ಲಿ ಉರುಳಿಸಿ, ಬಾಯಿ ಮಡಚಿ, ದಾರ ಸುತ್ತುವುದು. ಕಣ್ಣು ಬೇರೆಲ್ಲೋ ಇದ್ದರೂ ಬೆರಳು ತಪ್ಪುವುದಿಲ್ಲ. ಕೈ ಕೆಲಸದಲ್ಲಿ, ಕಿವಿ ಖಾಲಿ.

ಖಾಲಿ ಕಿವಿಯ ಬೆಲೆ ಗೊತ್ತಾದದ್ದು ಕ್ಯೂಬಾದ ಚುಟ್ಟಾ ಕೆಲಸಗಾರರಿಗೆ. 1865ರಲ್ಲಿ ಹವಾನಾದ ಕಾರ್ಖಾನೆಯೊಂದರಲ್ಲಿ, ಕೆಲಸಗಾರರು ಚುಟ್ಟಾ ಸುತ್ತುತ್ತಿರುವಾಗ ಒಬ್ಬ ಎತ್ತರದ ಪೀಠದಲ್ಲಿ ಕೂತು ಗಟ್ಟಿಯಾಗಿ ಓದುವ ಪದ್ಧತಿ ಶುರುವಾಯಿತು. ಮುಂಜಾನೆ ಪೇಪರು, ಆಮೇಲೆ ಕಾದಂಬರಿ. ಓದುವವನ ಸಂಬಳಕ್ಕೆ ಕೆಲಸಗಾರರೇ ವಂತಿಗೆ ಹಾಕುತ್ತಿದ್ದರು. ಡ್ಯೂಮಾನ ‘ಮಾಂಟೆ ಕ್ರಿಸ್ಟೊ’ ಅವರಿಗೆ ಎಷ್ಟು ಹಿಡಿಸಿತೆಂದರೆ ಮಾಂಟೆಕ್ರಿಸ್ಟೊ ಎಂಬ ಚುಟ್ಟಾ ಬ್ರ್ಯಾಂಡಿಗೆ ಹೆಸರು ಬಂದದ್ದೇ ಆ ಕಥೆಯಿಂದ ಎನ್ನುತ್ತಾರೆ. ಅಷ್ಟು ದೂರ ಹೋಗುವುದೂ ಬೇಡ, ಕಣ್ಣೂರಿನ ಬೀಡಿ ಕಾರ್ಮಿಕರಲ್ಲೂ ಇದೇ ಪದ್ಧತಿ ಇತ್ತು. ಒಬ್ಬ ಓದಬೇಕು, ಅವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡಬೇಕು. ಕೇರಳದ ದಿನೇಶ್ ಬೀಡಿ ಸಹಕಾರ ಸಂಘ 1969ರಲ್ಲಿ ಹುಟ್ಟಿದ್ದು ಅಂಥ ಓದಿದ ಕಿವಿಗಳ ನಡುವೆ.

ನಿಪ್ಪಾಣಿಯ ಕಟ್ಟೆಗಳ ಮೇಲೆ ಈಗ ಮೊಬೈಲಿನಲ್ಲಿ ಧಾರಾವಾಹಿ ಹಾಡುತ್ತದೆ. ಅತ್ತೆ ಸೊಸೆಯ ಕಥೆಯನ್ನು ಹೀಗಳೆಯಲು ನಾನು ಸಿದ್ಧನಿಲ್ಲ. ಡ್ಯೂಮಾ ಕೂಡ ಪೇಪರಿನಲ್ಲಿ ಕಂತುಕಂತಾಗಿ ಬರೆದವನೇ. ಆದರೆ ಕನ್ನಡ, ಮರಾಠಿಯ ಒಳ್ಳೆಯ ಕಾದಂಬರಿಯೊಂದನ್ನು ಯಾರಾದರೂ ದಿನಕ್ಕೊಂದು ಕಂತಿನಂತೆ ಓದಿ ಧ್ವನಿಮುದ್ರಿಸಿ ಈ ಓಣಿಗಳ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಏನಾದೀತು ಎಂಬ ಕುತೂಹಲ ನನಗಿದೆ. ಖರ್ಚು ದೊಡ್ಡದಲ್ಲ. ಒಳ್ಳೆಯ ದನಿ ಬೇಕು.

ಇಂಥ ಊರಿನಿಂದ ಒಬ್ಬ ಬರಹಗಾರ ಬಂದ. ಮಹಾದೇವ ಮೋರೆ. 2024ರಲ್ಲಿ ತೀರಿಕೊಂಡ ಈ ಮರಾಠಿ ಲೇಖಕ ಬದುಕಿನ ಬಹುಪಾಲು ನಿಪ್ಪಾಣಿಯಲ್ಲಿ ಹಿಟ್ಟಿನ ಗಿರಣಿ ನಡೆಸಿದರು. ಜೋಳ, ಗೋಧಿ ಬೀಸಿ, ಹಿಟ್ಟಿನ ಧೂಳು ಮೆತ್ತಿದ ಕೈಯಲ್ಲಿ ಕಥೆ, ಕಾದಂಬರಿ ಬರೆದರು. ವಖಾರಿಯ ಹೆಣ್ಣಾಳು, ಗ್ಯಾರೇಜಿನ ಹುಡುಗ, ಡ್ರೈವರ್, ಕ್ಲೀನರ್, ಊರ ಹೊರಗಿನವರು ಅವರ ಬರಹಕ್ಕೆ ಬಂದರು. ಗಿರಣಿಯ ಮುಂದೆ ಡಬ್ಬಿ ಹಿಡಿದು ಪಾಳಿಗೆ ನಿಂತವರ ಮಾತು ದಿನಾ ಕೇಳಿಸಿಕೊಳ್ಳುವವನಿಗೆ ಪಾತ್ರಗಳ ಕೊರತೆ ಎಲ್ಲಿಂದ ಬರಬೇಕು! ಕನ್ನಡದ ಓದುಗರಿಗೆ ಅವರ ಪರಿಚಯ ಸಾಲದು. ಮೂವತ್ತು ಹೆಜ್ಜೆ ಆಚೆಗಿನ ಲೇಖಕನನ್ನು ಬಿಟ್ಟು ಮೂರು ಸಾವಿರ ಮೈಲಿ ಆಚೆಯವನನ್ನು ಅನುವಾದಿಸುವ ಚಟ ನಮಗೆಲ್ಲ ಇದೆ.

ನಿಪ್ಪಾಣಿಯ ಇನ್ನೊಂದು ಚೋದ್ಯ ದೇವಚಂದ ಕಾಲೇಜು. ಊರಿಗೆ ಹೊಂದಿಕೊಂಡೇ ಇದೆ, ಆದರೆ ಅರ್ಜುನನಗರ ಎಂಬ ಆ ಜಾಗ ಕೊಲ್ಹಾಪುರ ಜಿಲ್ಲೆಯ ಕಾಗಲ ತಾಲ್ಲೂಕು. ಕರ್ನಾಟಕದ ಹುಡುಗ ತಿಂಡಿ ತಿಂದು ಮಹಾರಾಷ್ಟ್ರದ ಗ್ರಂಥಾಲಯಕ್ಕೆ ಹೋಗಿ ಮಧ್ಯಾಹ್ನದ ಊಟಕ್ಕೆ ಕರ್ನಾಟಕಕ್ಕೆ ವಾಪಸು. ಗಡಿ ವಿವಾದದ ಕಡತಗಳನ್ನೆಲ್ಲ ಓದಿದವರೂ ಈ ಹುಡುಗನಷ್ಟು ಸಲ ಗಡಿ ದಾಟಿರಲಾರರು.

ಚೀಲವಿಲ್ಲದ ಪ್ರಯಾಣಿಕರು

ಪ್ರವಾಸ ಎಂಬ ಮಾತಿಗೆ ನಮ್ಮ ಹಿರಿಯರಲ್ಲಿ ಬೇರೆಯೇ ಭೂಗೋಳ. ಚಿಂಚಲಿ ಮಾಯಕ್ಕನ ಜಾತ್ರೆಗೆ ಚಕ್ಕಡಿ ಕಟ್ಟುವುದು, ಸವದತ್ತಿಯ ಯಲ್ಲಮ್ಮನ ಗುಡ್ಡ, ಆಷಾಢಕ್ಕೆ ಪಂಢರಪುರ, ಯುಗಾದಿಗೆ ಶ್ರೀಶೈಲದ ಪಾದಯಾತ್ರೆ. ಬಿಸಿಲಿನಲ್ಲಿ ಕಂಬಿ ಹೊತ್ತು ನೂರಾರು ಮೈಲಿ ನಡೆಯುವವರಿಗೆ ‘ವೆಕೇಷನ್’ ಎಂದರೆ ನಗು ಬರುತ್ತದೆ.

ನಡೆದವರಲ್ಲಿ ಪುಸ್ತಕದ ದೊಡ್ಡ ಕೆಲಸ ಮಾಡಿದವರೂ ಇದ್ದಾರೆ. ವೇದಗಂಗಾ, ದೂಧಗಂಗಾ ಕೂಡುವ ಕಡೆ ಭೋಜ ಎಂಬ ಊರಿದೆ. ಅಲ್ಲಿಯ ಪಾಟೀಲರ ಮನೆಯಲ್ಲಿ ಬೆಳೆದವರು 1872ರಲ್ಲಿ ಹುಟ್ಟಿದ ಆಚಾರ್ಯ ಶಾಂತಿಸಾಗರರು. ದಿಗಂಬರ ಮುನಿಯಾಗಿ ದಕ್ಷಿಣದಿಂದ ಶಿಖರ್ಜಿಗೆ, ದಿಲ್ಲಿಗೆ ಕಾಲ್ನಡಿಗೆಯಲ್ಲೇ ಹೋದವರು. ಮೂಡುಬಿದಿರೆಯಲ್ಲಿ ತಾಡವೋಲೆಯಾಗಿ ಉಳಿದುಬಂದಿದ್ದ ‘ಧವಲ’ದಂಥ ಗ್ರಂಥ ಹುಳು ತಿಂದು ಹೋದೀತೆಂಬ ಚಿಂತೆ ಅವರಿಗೆ. ತಾಮ್ರದ ತಗಡಿನ ಮೇಲೆ ಕೊರೆಸಲು ಪ್ರೇರಣೆ ಕೊಟ್ಟರು. ಆ ತಾಮ್ರಪಟಗಳು ಫಲಟಣದಲ್ಲಿವೆ. ನಾವು ಪುಸ್ತಕಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿ ದೊಡ್ಡ ಕಾಳಜಿ ಎಂದುಕೊಳ್ಳುತ್ತೇವೆ.

ಚಿಕ್ಕೋಡಿ ತಾಲ್ಲೂಕಿನ ಕೋಥಳಿಯ ಆಚಾರ್ಯ ದೇಶಭೂಷಣರು ರತ್ನಾಕರವರ್ಣಿಯ ಶತಕವನ್ನು ಹಿಂದಿಗೆ ತಂದರು. ಸದಲಗಾದಲ್ಲಿ 1946ರಲ್ಲಿ ಹುಟ್ಟಿ ಕನ್ನಡ ಶಾಲೆಯಲ್ಲಿ ಕಲಿತ ಹುಡುಗನೊಬ್ಬ 1968ರಲ್ಲಿ ಅಜ್ಮೇರದಲ್ಲಿ ದೀಕ್ಷೆ ಪಡೆದು ಆಚಾರ್ಯ ವಿದ್ಯಾಸಾಗರರಾದರು. ಹಿಂದಿಯಲ್ಲಿ ‘ಮೂಕಮಾಟಿ’ ಎಂಬ ಮಹಾಕಾವ್ಯ ಬರೆದರು. ಕಾಲಡಿಯ ಮಣ್ಣೇ ಅದರ ನಾಯಕಿ. 2024ರ ಫೆಬ್ರುವರಿಯಲ್ಲಿ ಛತ್ತೀಸಗಢದ ಡೋಂಗರಗಢದಲ್ಲಿ ಸಲ್ಲೇಖನ ಸ್ವೀಕರಿಸಿ ದೇಹ ಬಿಟ್ಟರು. ಅರ್ಧ ಶತಮಾನ ನಡೆದ ಆ ಮನುಷ್ಯನ ಹತ್ತಿರ ಒಂದು ನವಿಲುಗರಿಯ ಪಿಂಛಿ, ಒಂದು ಕಮಂಡಲ. ನಾನು ಎರಡು ದಿನದ ಮದುವೆಗೆ ಹೋಗುವಾಗ ನಾಲ್ಕು ಪುಸ್ತಕ ತುರುಕಿ ಚೀಲದ ಜಿಪ್ಪು ಹರಿಯುತ್ತೇನೆ.

▪ ಬಾಕ್ಸ್: ಒಂದು ಸ್ಟೇಷನ್, ಎರಡು ಹೆಸರು
*ಶೇಡಬಾಳ. ಈಗ ಕಾಗವಾಡ ತಾಲ್ಲೂಕು, ಮೊದಲು ಅಥಣಿ. (ಕಾಗವಾಡ, ನಿಪ್ಪಾಣಿ ಎರಡೂ ಬೇರೆ ತಾಲ್ಲೂಕುಗಳಾಗಿ ಕೆಲಸ ಶುರುಮಾಡಿದ್ದು 2018ರಲ್ಲಿ.)*
*• ಕಾದಂಬರಿಕಾರ ಮಿರ್ಜಿ ಅಣ್ಣಾರಾಯ (1918–1975) ಈ ಊರಿನವರು. ‘ನಿಸರ್ಗ’ ಅವರ ಹೆಸರಾಂತ ಕಾದಂಬರಿ.*
*• ದಿಲ್ಲಿಯಲ್ಲಿ ಕುಂದಕುಂದ ಭಾರತಿ ಸಂಸ್ಥೆ ಬೆಳೆಸಿದ ಆಚಾರ್ಯ ವಿದ್ಯಾನಂದರು 1925ರಲ್ಲಿ ಹುಟ್ಟಿದ್ದೂ ಇಲ್ಲೇ. ದೀಕ್ಷೆ ಕೊಟ್ಟವರು ಕೋಥಳಿಯ ದೇಶಭೂಷಣರು.*

ಮಿರ್ಜಿ ಅಣ್ಣಾರಾಯರ ‘ನಿಸರ್ಗ’ವನ್ನು ನಾನು ಮೊದಲ ಸಲ ಓದಿದಾಗ ಬೆಚ್ಚಿದ್ದು ನೆನಪಿದೆ. ಅದರಲ್ಲಿ ನಮ್ಮ ಓಣಿಯವರು ಮಾತಾಡುತ್ತಿದ್ದರು. ಪುಸ್ತಕ ಎಂದರೆ ಮೈಸೂರಿನ ಕನ್ನಡದಲ್ಲೋ ಧಾರವಾಡದ ಕನ್ನಡದಲ್ಲೋ ಇರಬೇಕು, ನಮ್ಮದು ಜಗಳಕ್ಕೆ, ದನಕರಕ್ಕೆ ಎಂದುಕೊಂಡವನಿಗೆ ಕೃಷ್ಣಾ ದಂಡೆಯ ಒಕ್ಕಲ ಮನೆಯ ನುಡಿ ಅಚ್ಚಿನಲ್ಲಿ ಕಂಡಿತ್ತು. ಹಳೆಯ ಪ್ರತಿ ಸಿಕ್ಕರೆ ಬಿಡಬೇಡಿ.

ಎಲ್ಲಕ್ಕಿಂತ ಹೆಚ್ಚು ಓದುವುದು

ಜುಲೈ, ಆಗಸ್ಟಿನಲ್ಲಿ ನಮ್ಮ ಐದು ತಾಲ್ಲೂಕುಗಳಲ್ಲಿ ಅತಿ ಹೆಚ್ಚು ಓದಿಸಿಕೊಳ್ಳುವ ಸಾಹಿತ್ಯ ಯಾವುದು ಗೊತ್ತೆ? ಪೇಪರಿನ ಒಳಪುಟದ ಒಂದು ಸಣ್ಣ ಪಟ್ಟಿ. ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನಲ್ಲಿ ಎಷ್ಟು ಟಿಎಂಸಿ, ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್. ಕೊಯ್ನಾ ಹಿಡಿಯುವುದು 105 ಟಿಎಂಸಿ; ಅಲ್ಲಿ ನೂರು ದಾಟಿತೆಂದರೆ ಇಲ್ಲಿ ಯಡೂರು, ಮಾಂಜರಿ, ಜುಗೂಳದಲ್ಲಿ ದನ ಬಿಚ್ಚುತ್ತಾರೆ.

2005, 2019, 2021. ಈ ಮೂರು ವರ್ಷ ಹೇಳಿದರೆ ನದಿದಂಡೆಯವರು ಗೋಡೆಯ ಮೇಲೆ ನೀರಿನ ಗೆರೆ ತೋರಿಸುತ್ತಾರೆ. 2019ರ ನೆರೆ ಇಳಿದ ಮೇಲೆ ಹೊಳೆಯ ಹತ್ತಿರದ ಶಾಲೆಯೊಂದರಲ್ಲಿ ಮಾಸ್ತರರು ಅಂಗಳದ ತುಂಬ ಪುಸ್ತಕ ಹರವಿದ್ದರು. ಒದ್ದೆಯಾದ ಪುಸ್ತಕ ಒಣಗುವಾಗ ಎರಡು ಪಟ್ಟು ಉಬ್ಬುತ್ತದೆ, ಪುಟಗಳು ಹಪ್ಪಳದಂತೆ ಸುರುಳಿ ಸುತ್ತುತ್ತವೆ. ನಡುವಿನ ಪುಟಗಳಲ್ಲಿ ರೇವೆ ಮಣ್ಣು ಕೂತು, ಬಿಡಿಸಿದರೆ ಅಕ್ಷರ ಸಮೇತ ಎದ್ದು ಬರುತ್ತಿತ್ತು. ನಿಘಂಟು ಒಂದನ್ನು ಮಾಸ್ತರರು ಪುಟಪುಟಕ್ಕೂ ಹಳೆಯ ಪೇಪರು ತುರುಕಿ ಉಳಿಸಿಕೊಂಡಿದ್ದರು. ‘ಅ’ದಿಂದ ‘ಕ’ದ ತನಕ ಹೋಯಿತು, ಉಳಿದದ್ದು ಐತಿ ಎಂದರು.

ಹೊಳೆಗೆ ಎದುರಾಗಿ

ಪುಸ್ತಕ ಓದಿ ಹುಟ್ಟಿದ ಪ್ರವಾಸದ ಹುಚ್ಚು ನನಗೂ ಇತ್ತು. ಕಾರಂತರ ‘ಅಬೂವಿನಿಂದ ಬರಾಮಕ್ಕೆ’, ಪು.ಲ. ದೇಶಪಾಂಡೆಯವರ ‘ಅಪೂರ್ವಾಈ’, ‘ಅಮೆರಿಕದಲ್ಲಿ ಗೊರೂರು’. ಹೇಮಾವತಿ ದಂಡೆಯ ಗೊರೂರು ಅಮೆರಿಕವನ್ನು ಕಂಡ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಾನೂ ಅಟ್ಲಾಸಿನ ಮೇಲೆ ಪೆನ್ಸಿಲಿನಿಂದ ಲಂಡನ್, ಪ್ಯಾರಿಸ್ ಗೆರೆ ಎಳೆದವನೇ. ವಯಸ್ಸು ಏರಿದಂತೆ ಗೆರೆ ಕುಗ್ಗುತ್ತ ಬಂತು. ಈಗ ಉಳಿದಿರುವುದು ಒಂದೇ: ಕುಡಚಿಯ ಸೇತುವೆಯಿಂದ ಕೃಷ್ಣೆಗೆ ಎದುರಾಗಿ, ಅವಳು ಹುಟ್ಟುವ ಮಹಾಬಳೇಶ್ವರದ ತನಕ.

ಸುಮ್ಮನೆ ನದಿ ನೋಡಲಿಕ್ಕಲ್ಲ. ಈ ಹೊಳೆಯ ಮೇಲ್ದಂಡೆಯ ಊರುಗಳನ್ನು ಒಂದೊಂದಾಗಿ ನಕ್ಷೆಯಲ್ಲಿ ಗುರುತಿಸುತ್ತ ಹೋದರೆ ಪುಸ್ತಕದಂಗಡಿಯ ಪಟ್ಟಿಯಂತೆ ಕಾಣುತ್ತದೆ.

ಮೊದಲ ನಿಲುಗಡೆ ಹತ್ತಿರದ್ದೇ. ಜುಗೂಳದ ಆಚೆ ದಂಡೆಯ ಖಿದ್ರಾಪುರ. ಅಲ್ಲಿಯ ಕೋಪೇಶ್ವರ ಗುಡಿಯಲ್ಲಿ ಮಹಾರಾಷ್ಟ್ರದ ನೆಲದ ಮೇಲೆ ನಿಂತು ಹಳಗನ್ನಡ ಶಾಸನ ಓದಬಹುದು. ಮುಂದೆ ನರಸೋಬಾವಾಡಿ, ಸಾಂಗಲಿ. ಸಾಂಗಲಿ ದಾಟಿದರೆ ಔದುಂಬರ. ದತ್ತನ ಕ್ಷೇತ್ರ; ಅಲ್ಲಿ ಸಂಕ್ರಾಂತಿಯ ದಿನ ನದಿಯ ದಂಡೆಯಲ್ಲಿ ಸಾಹಿತ್ಯ ಸಮ್ಮೇಳನ ಕೂಡುವ ವಾಡಿಕೆ ಇದೆ. ಎಳ್ಳುಬೆಲ್ಲದ ಜತೆ ಕವಿತೆ.

ರೈಲು ಹಾದಿಯಲ್ಲಿ ಮುಂದೆ ಕಿರ್ಲೋಸ್ಕರವಾಡಿ. ನೇಗಿಲು, ಪಂಪು ಮಾಡುವ ಕಾರ್ಖಾನೆಯ ಊರು. ನಮ್ಮ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು ಶುರುಮಾಡಿದ, ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಕಟ್ಟಿದ್ದು. ಆ ಕಾರ್ಖಾನೆಯ ಸುದ್ದಿಪತ್ರವಾಗಿ 1920ರಲ್ಲಿ ಹುಟ್ಟಿದ ‘ಕಿರ್ಲೋಸ್ಕರ’ ಮಾಸಿಕ, 1930ರ ‘ಸ್ತ್ರೀ’, 1934ರ ‘ಮನೋಹರ’ ಮೂರೂ ಮರಾಠಿ ಮನೆಗಳ ಓದನ್ನೇ ಬದಲಿಸಿದವು. ಪಂಪಿನ ಗಿರಾಕಿಗೆ ಪತ್ರಿಕೆ ಓದುವ ಚಟ ಹಚ್ಚಿದ ಇಂಥ ಉದ್ಯಮಿಗಳು ಇನ್ನೊಮ್ಮೆ ಹುಟ್ಟಿದ್ದರೆ, ನಮ್ಮ ಸಕ್ಕರೆ ಸೀಮೆಗೂ ಒಂದು ಮಾಸಿಕ ಬರುತ್ತಿತ್ತೇನೋ. ಸಕ್ಕರೆಗೂ ಪುಸ್ತಕಕ್ಕೂ ನಂಟೇ ಇಲ್ಲವೆನ್ನಲೂ ಆಗದು. ಪಾಂಡವಪುರದ ಸಕ್ಕರೆ ಕಾರ್ಖಾನೆಯಲ್ಲಿ ದುಡಿದ ಅಂಕೇಗೌಡರು ಹರಳಹಳ್ಳಿಯಲ್ಲಿ ಲಕ್ಷಲಕ್ಷ ಪುಸ್ತಕಗಳ ಮನೆಯನ್ನೇ ಕಟ್ಟಿದ್ದಾರೆ.

ಕರಾಡದ ಸಂಗಮ ದಾಟಿ, ಸಾತಾರಾ ಬಿಟ್ಟು, ವಾಈ. ಕೃಷ್ಣೆಯ ಘಾಟುಗಳ ಈ ಸಣ್ಣ ಊರಿನಲ್ಲಿ ಮರಾಠಿ ವಿಶ್ವಕೋಶದ ಕಚೇರಿ ಇದೆ. ತರ್ಕತೀರ್ಥ ಲಕ್ಷ್ಮಣಶಾಸ್ತ್ರಿ ಜೋಶಿಯವರ ಸಂಪಾದಕತ್ವದಲ್ಲಿ ಇಲ್ಲಿಂದ ಸಂಪುಟಗಳು ಹೊರಬಂದವು. ವಿಶ್ವಕೋಶದಂಥ ಕೆಲಸ ರಾಜಧಾನಿಯಲ್ಲೇ ಆಗಬೇಕೆಂದೇನಿಲ್ಲ ಎಂಬುದಕ್ಕೆ ವಾಈಗಿಂತ ಬೇರೆ ಸಾಕ್ಷಿ ಬೇಡ.

ಅಲ್ಲಿಂದ ಘಾಟು ಹತ್ತಿದರೆ ಪಂಚಗಣಿ, ಅದರ ಹತ್ತಿರ ಭಿಲಾರ. ಸ್ಟ್ರಾಬೆರಿ ಬೆಳೆಯುವ ಹಳ್ಳಿ. 2017ರ ಮೇ 4ರಂದು ಮಹಾರಾಷ್ಟ್ರ ಸರ್ಕಾರ ಇದನ್ನು ‘ಪುಸ್ತಕಾಂಚೆ ಗಾವ್’ ಎಂದು ತೆರೆಯಿತು. ವೇಲ್ಸಿನ ಹೇ-ಆನ್-ವೈ ಇದಕ್ಕೆ ಮಾದರಿ. ಹೇ ಹಳೆಯ ಪುಸ್ತಕ ಮಾರುವ ಊರು. ಭಿಲಾರದಲ್ಲಿ ಮಾರಾಟವಿಲ್ಲ, ಓದು ಮಾತ್ರ. ಮನೆ, ಗುಡಿ, ಶಾಲೆ ಸೇರಿ 25 ಕಡೆ ಪುಸ್ತಕ ಇಟ್ಟು ಶುರುಮಾಡಿದರು. ಒಂದು ಮನೆಯಲ್ಲಿ ಕವಿತೆ, ಒಂದರಲ್ಲಿ ಮಕ್ಕಳ ಪುಸ್ತಕ, ಇನ್ನೊಂದರಲ್ಲಿ ಇತಿಹಾಸ. ಹೋಗಿ, ಕೂತು, ಓದಿ, ವಾಪಸಿಟ್ಟು ಬರುವುದು. ಮನೆಯವರು ಚಹಾ ಕೊಟ್ಟರೆ ನಿಮ್ಮ ಪುಣ್ಯ.

ಈ ಪ್ರವಾಸದ ಯೋಜನೆಯನ್ನು ಮನೆಯಲ್ಲಿ ಮಂಡಿಸಿದೆ. ನನ್ನ ಅವ್ವ ಎಲ್ಲ ಕೇಳಿ, ‘ಪುಸ್ತಕ ಮಾರಾಂಗಿಲ್ಲ, ಕೊಡಾಂಗಿಲ್ಲ ಅಂದಮ್ಯಾಲ ಅಷ್ಟು ದೂರ ಹೋಗಿ ಓದೂದೇನ? ನಿನ್ನ ಅಟ್ಟದ ಮ್ಯಾಲಿನ್ವು ಮುಗದಾವೇನ?’ ಎಂದಳು. ಹೆಂಡತಿ ಸ್ಟ್ರಾಬೆರಿಯ ಹಂಗಾಮು ಯಾವಾಗ ಎಂದಷ್ಟೇ ಕೇಳಿದಳು. ಫೆಬ್ರುವರಿ ಎಂದೆ. ಅಷ್ಟರಲ್ಲಿ ನಮ್ಮ ಕಬ್ಬು ಹೋಗಿರುತ್ತದೆ, ಬಿಲ್ಲು ಬರುವುದೊಂದು ಬಾಕಿ.

ಭಿಲಾರಕ್ಕೆ ಬರಿಗೈಯಲ್ಲಿ ಹೋಗುವ ಮನಸ್ಸಿಲ್ಲ. ಅಲ್ಲಿರುವುದು ಬಹುಪಾಲು ಮರಾಠಿ. ‘ನಿಸರ್ಗ’ದ ಒಂದು ಪ್ರತಿ, ಕಂಬಾರರದೊಂದು ಒಯ್ದು, ಇಟ್ಟುಕೊಳ್ಳುತ್ತೀರಾ ಎಂದು ಕೇಳಬೇಕೆಂದಿದ್ದೇನೆ. ‘ಅಲ್ಲಿ ಕನ್ನಡಾ ಓದೋರು ಯಾರ್ರಿ?’ ಎಂದು ಗೆಳೆಯರೊಬ್ಬರು ತಕರಾರು ತೆಗೆದರು. ಬೇಸಗೆಯಲ್ಲಿ ಒಮ್ಮೆ ಮಹಾಬಳೇಶ್ವರದ ಪಾರ್ಕಿಂಗಿನಲ್ಲಿ ನಿಂತು ನಂಬರ್ ಪ್ಲೇಟು ನೋಡಿ ಎಂದೆ. ಅಲ್ಲಿ ನಮ್ಮ ಚಿಕ್ಕೋಡಿ ಕಡೆಯ ಕೆಎ-23 ಗಾಡಿಗಳಿಗೇನೂ ಬರವಿಲ್ಲ. ಪಾರ್ಕಿಂಗಿಗೂ ಪಾಳಿ ಹಚ್ಚಿರುತ್ತಾರೆ.